ಮಕ್ಕಳ ಕಿಡ್ನಿ ಸ್ಕ್ಯಾನ್: ಯಾವ ಡೋಸ್ ಪಟ್ಟಿ?

ಹುಬ್ಬಳ್ಳಿಯ ಆಸ್ಪತ್ರೆಗೆ ಹಾವೇರಿ, ಗದಗ ಕಡೆಯಿಂದ ಬರುವ ಮಕ್ಕಳಿಗೆ ವಿಕಿರಣ ಔಷಧದ ಡೋಸ್ ಅಂದಾಜಿನ ಮೇಲೆ ನಿಲ್ಲಬಾರದು. ವಿಕಿರಣ ಔಷಧ ಚುಚ್ಚಿ ಸ್ಕ್ಯಾನ್ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರ ಮುಂದೆ ಮುಖ್ಯವಾಗಿ ಎರಡು ಪಟ್ಟಿಗಳಿವೆ.

ಉತ್ತರ ಅಮೆರಿಕದ 2010ರ ಒಮ್ಮತದ ಪಟ್ಟಿ ನೇರ: ತೂಕಕ್ಕೆ ಗುಣಿಸಿದರಾಯಿತು. ಡಿಎಂಎಸ್‌ಎ (ಕಿಡ್ನಿಯಲ್ಲಿ ಸೇರಿಕೊಳ್ಳುವ ವಿಕಿರಣ ಔಷಧ) ಕಿಡ್ನಿ ಸ್ಕ್ಯಾನಿಗೆ ಕಿಲೋಗೆ 1.85 ಮೆಗಾಬೆಕೆರೆಲ್ (ವಿಕಿರಣಶೀಲತೆಯ ಅಳತೆ); 20 ಕಿಲೋ ಹುಡುಗನಿಗೆ 37. ಕೂಸು ಎಷ್ಟೇ ಚಿಕ್ಕದಿದ್ದರೂ 18.5ಕ್ಕಿಂತ ಇಳಿಸುವುದಿಲ್ಲ. ಇಳಿಸಿದರೆ ಚಿತ್ರ ಮಸುಕಾಗುತ್ತದೆ, ಅಥವಾ ಕೂಸನ್ನು ಕ್ಯಾಮೆರಾದ ಕೆಳಗೆ ಹೆಚ್ಚು ಹೊತ್ತು ಅಲುಗಾಡದಂತೆ ಮಲಗಿಸಬೇಕಾಗುತ್ತದೆ. ಮತ್ತೊಮ್ಮೆ ಚುಚ್ಚುವಂತಾದರೆ ಉಳಿಸಿದ ವಿಕಿರಣವೆಲ್ಲ ವ್ಯರ್ಥ.

ಯುರೋಪಿನ ಡೋಸ್ ಕಾರ್ಡ್ ಔಷಧಗಳನ್ನು ಮೂರು ವರ್ಗ ಮಾಡಿ, ಪ್ರತಿ ವರ್ಗದಲ್ಲೂ ತೂಕಕ್ಕೊಂದು ಗುಣಕ ಕೊಡುತ್ತದೆ. ಅದೇ ಹುಡುಗನಿಗೆ ಈ ಔಷಧದ ಮೂಲಮೌಲ್ಯ 6.8 ಮೆಗಾಬೆಕೆರೆಲನ್ನು ಅವನ ತೂಕದ ಗುಣಕ 4.86ರಿಂದ ಗುಣಿಸಿದರೆ ಸುಮಾರು 33. ಔಷಧ ದೇಹದಲ್ಲಿ ಹರಡುವ ರೀತಿಯನ್ನು ಲೆಕ್ಕಕ್ಕೆ ಹಿಡಿಯುವ ಈ ಕ್ರಮ ನನಗೆ ಹೆಚ್ಚು ಒಪ್ಪುತ್ತದೆ. ಆದರೆ ತಪ್ಪು ಸಾಲು ಓದುವ ಅಪಾಯವಿದೆ.

ರೋಗಿಗಳ ದಟ್ಟಣೆ ಹೆಚ್ಚು, ಸಿಬ್ಬಂದಿ ಕಡಿಮೆ ಎಂದಾದರೆ ಮೊದಲನೆಯದನ್ನೇ ಆರಿಸಿ. ವಿಭಾಗದಲ್ಲಿ ಡೋಸ್ ಲೆಕ್ಕ ನೋಡಿಕೊಳ್ಳುವ ಭೌತವಿಜ್ಞಾನಿ ಇದ್ದರೆ ಎರಡನೆಯದು. ಎರಡನ್ನೂ ಬೆರೆಸಬೇಡಿ. ಯಾವುದೇ ಇರಲಿ, ಪಾಲಕರು ಹೇಳಿದ ತೂಕವನ್ನು ಬರೆದುಕೊಳ್ಳದೆ ಮಗುವನ್ನು ಅಲ್ಲಿಯೇ ತೂಗಿ.