ರಜಾ ಅವರ ಕೊನೆಗಾಲದ ಚಿತ್ರಗಳು: ಮೊದಲು ಒಳಕೋಣೆಗೆ ಹೋಗಿ

ಕಲಬುರಗಿಯಲ್ಲಿ ಬರೀ ಬಣ್ಣ, ಆಕಾರಗಳ ಅಮೂರ್ತ ಚಿತ್ರ ನೋಡೋಕೆ ಸಿಗೋದೇ ಅಪರೂಪ. ಎಸ್.ಎಂ. ಪಂಡಿತರ ಊರು ನಮ್ಮದು, ದೇವರಿಂದ ಹಿಡಿದು ಸಿನಿಮಾ ಪೋಸ್ಟರ್‌ವರೆಗೆ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಬರೆದವರು ಅವರು, ಹಾಗಾಗಿ ಚಿತ್ರ ಅಂದ್ರೆ ಮುಖ ಮೂಗು ಇರಲೇಬೇಕು ಅನ್ನೋದು ನಮಗೆ ರೂಢಿ. ಅಂಥ ಊರಲ್ಲಿ ಅಮೂರ್ತ ಚಿತ್ರಗಳ ದೊಡ್ಡ ಹೆಸರು ಎಸ್.ಎಚ್. ರಜಾ ಅವರ ಕೊನೆಗಾಲದ ಕೆಲಸ ತಂದು ತೋರಿಸ್ತಿದ್ದಾರೆ, ಅದಕ್ಕೇ ಮೆಚ್ಚಬೇಕು. ಆದರೆ ಇವು ಮೂಲ ಚಿತ್ರಗಳಲ್ಲ, ದೊಡ್ಡ ಪ್ರಿಂಟ್‌ಗಳು. ಅದನ್ನ ಬಾಗಿಲಲ್ಲೇ ಬರೆದು ಹಾಕಬೇಕಿತ್ತು.

ಮೊದಲ ಹಾಲ್ ತುಂಬಾ ಬಿಂದುಗಳು, ಅಂದ್ರೆ ರಜಾ ಮತ್ತೆ ಮತ್ತೆ ಬಿಡಿಸಿದ ದುಂಡು ಚುಕ್ಕಿಗಳು. ಅದರ ಮೂಲ ಬಾಲ್ಯದಲ್ಲಿದೆ ಅಂತಾರೆ: ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಹುಡುಗ ರಜಾನ ಮನಸ್ಸು ನಿಲ್ಲಲಿ ಅಂತ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕಿ ಇಟ್ಟು ನೋಡ್ತಾ ಕೂರು ಅಂದಿದ್ದರಂತೆ. ಜನ ಸೆಲ್ಫಿ ತೆಗೆಯೋದು ಇಲ್ಲೇ. 2023ರಲ್ಲಿ ಅವರ ಒಂದು ಚಿತ್ರ ಹರಾಜಲ್ಲಿ 51 ಕೋಟಿ ರೂಪಾಯಿಗೂ ಜಾಸ್ತಿಗೆ ಹೋಯ್ತಲ್ಲ, ಮಾತೆಲ್ಲ ಅದರ ಸುತ್ತಲೇ.

ನನಗೆ ಹಿಡಿಸಿದ್ದು ಒಳಕೋಣೆ. ರಜಾ 60 ವರ್ಷ ಫ್ರಾನ್ಸ್‌ನಲ್ಲಿದ್ದು, ಹೆಂಡತಿ ತೀರಿಕೊಂಡ ಮೇಲೆ, 2010ರ ಕೊನೆಗೆ ದೆಹಲಿಗೆ ಬಂದರು. 2016ರಲ್ಲಿ, 94ನೇ ವಯಸ್ಸಲ್ಲಿ ಹೋಗೋವರೆಗೂ ಬಿಡಿಸ್ತಾನೇ ಇದ್ದರು. ಆ ವರ್ಷಗಳವು ಇಲ್ಲಿವೆ. ಹಳೇ ಚಿತ್ರಗಳಲ್ಲಿ ತ್ರಿಕೋನದ ಅಂಚು ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಇರುತ್ತೆ, ಇಲ್ಲಿ ಗೆರೆ ಅಲ್ಲಲ್ಲಿ ಬಳುಕಿದೆ, ಒಂದು ಬಿಳಿ ಚಿತ್ರದಲ್ಲಂತೂ ಬೂದು ಬಣ್ಣ ಗೆರೆ ದಾಟಿ ಪಕ್ಕದ ಬಿಳಿಗೆ ಹೋಗಿದೆ, ಅದನ್ನ ಮುಚ್ಚೋಕೂ ಹೋಗಿಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಬೋರ್ಡ್ ಬರೆಯೋ ಕೆಲಸದವರಂತೆ, ‘ಕೈ ನಡಗ್ಯಾದ ನೋಡ್ರಿ ಸರ್, ಖರೇ ಅಂದ್ರ ಬಣ್ಣ ಎಲ್ಲಿ ಇಡಬೇಕಂತ ಮಾತ್ರ ಪಕ್ಕಾ ಗೊತ್ತದ’ ಅಂದರು. ಗೋಡೆಗೆ ಅಂಟಿಸಿದ ಇಂಗ್ಲಿಷ್ ಬರಹಕ್ಕಿಂತ ಇದೇ ಜಾಸ್ತಿ ಹೇಳ್ತು. ಕೆಲವರು ಇವನ್ನ ವಯಸ್ಸಾದವರ ಸಡಿಲ ಕೆಲಸ ಅಂತ ತಳ್ಳಿಹಾಕ್ತಾರೆ, ನಾನು ಒಪ್ಪಲ್ಲ. ಆ ಅಚ್ಚುಕಟ್ಟು ಬಿಂದುಗಳು ಸ್ವಲ್ಪ ಹೊತ್ತಿಗೆ ಒಂದೇ ಥರ ಅನ್ನಿಸ್ತವೆ, ಇವು ಹಾಗಲ್ಲ.

ಕಿರಿಕಿರಿಯೂ ಇದೆ. ಪ್ರಿಂಟ್‌ಗೆ ಗಾಜು ಹಾಕಿ ಎದುರಿಗೆ ಟ್ಯೂಬ್‌ಲೈಟ್ ಉರಿಸಿದ್ದಾರೆ, ಬಿಳಿ ಚಿತ್ರ ನೋಡೋಕೆ ಹೋದ್ರೆ ನಮ್ಮ ಮುಖವೇ ಕಾಣುತ್ತೆ. ಪಕ್ಕಕ್ಕೆ ಸರಿದು ಓರೆಯಾಗಿ ನಿಂತರೆ ಸರಿ. ಹೆಸರಿನ ಚೀಟಿ ಮೊಣಕಾಲ ಎತ್ತರಕ್ಕೆ, ಅದೂ ಕನ್ನಡದಲ್ಲಿ ಒಂದೂ ಇಲ್ಲ. ಅಷ್ಟೊಂದು ಖರ್ಚು ಮಾಡಿದವರಿಗೆ ನಾಲ್ಕು ಸಾಲು ಕನ್ನಡ ಬರೆಸೋದು ಕಷ್ಟವಾ?

ಟಿಕೆಟ್ ಇಲ್ಲ, ಮಕ್ಕಳನ್ನ ಕರ್ಕೊಂಡು ಹೋಗಿ. ಮಧ್ಯಾಹ್ನ ಮಾತ್ರ ಬೇಡ, ಇರೋದು ಒಂದೇ ಕೂಲರ್, ಅದನ್ನೂ ಸೆಲ್ಫಿಯವರ ಹಾಲ್‌ನಲ್ಲೇ ಇಟ್ಟಿದ್ದಾರೆ.