ಸಂಪ್ರಬಂಧ ಬರೆಯುವವರಿಗೆ ಜೊಟೆರೊ: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಕೊಡಗಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವ ನನ್ನನ್ನು ಪ್ರತಿ ವರ್ಷವೂ ಕಾಡುತ್ತಿದ್ದ ಸಂಕಟ ಒಂದೇ. ಬರಹ ಅಚ್ಚುಕಟ್ಟಾಗಿರುತ್ತದೆ, ಶ್ರದ್ಧೆಯಿಂದ ಓದಿದ್ದಾರೆ ಎಂಬುದೂ ತಿಳಿಯುತ್ತದೆ; ಆದರೆ ಈ ಮಾತು ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಆಕರಗಳ ಪಟ್ಟಿಯನ್ನು ಸಲ್ಲಿಕೆಯ ಹಿಂದಿನ ರಾತ್ರಿ ನೆನಪಿನಿಂದ ಬರೆಯುವ ಈ ಅಭ್ಯಾಸವನ್ನು ಬಿಡಿಸಬೇಕೆಂಬ ಉದ್ದೇಶದಿಂದಲೇ ನಾನು ಎರಡು ವರ್ಷಗಳಿಂದ ವಿದ್ಯಾರ್ಥಿಗಳ ಕೈಗೆ ಜೊಟೆರೊ ಎಂಬ ತಂತ್ರಾಂಶವನ್ನು ಕೊಡುತ್ತಿದ್ದೇನೆ.

ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು 2006ರಲ್ಲಿ ಹೊರತಂದ ಈ ತಂತ್ರಾಂಶ ಉಚಿತವಾದುದು, ಮುಕ್ತ ಆಕರದ್ದು. ಓದಿದ ಪ್ರತಿಯೊಂದು ಪುಸ್ತಕ, ಲೇಖನ, ವರದಿಗಳ ವಿವರವನ್ನು ಅದರಲ್ಲಿ ಒಮ್ಮೆ ತುಂಬಿಟ್ಟರೆ ಸಾಕು. ವರ್ಡ್, ಲಿಬ್ರೆ ಆಫೀಸ್ ಅಥವಾ ಗೂಗಲ್ ಡಾಕ್ಸ್‌ನಲ್ಲಿ ಬರೆಯುವಾಗ ಬೇಕಾದಲ್ಲಿ ಉಲ್ಲೇಖವನ್ನು ಸೇರಿಸಿ, ಕೊನೆಯ ಪಟ್ಟಿಯನ್ನೂ ಅದೇ ಸಿದ್ಧಪಡಿಸುತ್ತದೆ. ಆಕರಗಳನ್ನು ಬರೆಯುವ ಕ್ರಮವನ್ನು ಎಪಿಎ ಎಂಬ ಶೈಲಿಯಿಂದ ಶಿಕಾಗೊ ಎಂಬ ಶೈಲಿಗೆ ಬದಲಾಯಿಸಿ ಎಂದು ಪರೀಕ್ಷಕರು ಹೇಳಿದರೂ ಅದು ಒಂದೆರಡು ನಿಮಿಷದ ಕೆಲಸ.

ಆದರೆ ನಾನು ಇದನ್ನು ಮೆಚ್ಚಿಕೊಂಡದ್ದು ಪಟ್ಟಿ ಮಾಡಿಕೊಡುತ್ತದೆ ಎಂಬ ಕಾರಣಕ್ಕಲ್ಲ, ಬರಹದ ಯೋಜನೆಗೆ ಒದಗುತ್ತದೆ ಎಂಬ ಕಾರಣಕ್ಕೆ. ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ‘ಕೊಡಗಿನ ದೇವರಕಾಡುಗಳು’, ಅಂದರೆ ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದ ಕಾಡುಗಳು, ಎಂಬ ವಿಷಯವನ್ನು ಹಿಡಿದುಕೊಂಡು ಬಂದಳು. ಅದು ಒಂದು ಸಂಪ್ರಬಂಧಕ್ಕೆ ದಕ್ಕುವ ವಿಷಯವಲ್ಲ. ಜೊಟೆರೊದಲ್ಲಿ ಅಧ್ಯಾಯಕ್ಕೊಂದರಂತೆ ಕಡತಗಳನ್ನು ಮಾಡಿಸಿ, ಓದಿದ್ದನ್ನೆಲ್ಲ ಆಯಾ ಕಡತಕ್ಕೆ ಹಾಕಿಸಿದೆ. ಮೂರು ವಾರಗಳಲ್ಲಿ ನಂಬಿಕೆ ಮತ್ತು ಆಚರಣೆಗಳ ಕಡತ ತುಂಬಿ ತುಳುಕುತ್ತಿತ್ತು, ಗಡಿ ಮತ್ತು ಒತ್ತುವರಿಯ ಕಡತದಲ್ಲಿ ನಾಲ್ಕೇ ಆಕರಗಳಿದ್ದವು. ಎಲ್ಲಿ ಹೊಸದಾಗಿ ಹುಡುಕಬೇಕು ಎಂಬುದು ಅವಳಿಗೆ ಕಣ್ಣಾರೆ ಕಂಡಿತು. ತನ್ನ ಊರಿನ ಎರಡು ದೇವರಕಾಡುಗಳ ಗಡಿ ಹೇಗೆ ಬದಲಾಯಿತು ಎಂಬ ಪ್ರಶ್ನೆಗೆ ವಿಷಯವನ್ನು ಇಳಿಸಿಕೊಂಡದ್ದು ಆಮೇಲೆ.

ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬ ಸಂಖ್ಯೆಯನ್ನು ನಾವೆಲ್ಲರೂ ಓದಿದ್ದೇವೆ. 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಅವುಗಳ ವಿಸ್ತೀರ್ಣ 1985ರ ವೇಳೆಗೆ 2,550 ಹೆಕ್ಟೇರಿಗೆ ಇಳಿಯಿತು ಎಂಬ ಮಾತೂ ಲೇಖನದಿಂದ ಲೇಖನಕ್ಕೆ ನಡೆದು ಬಂದಿದೆ. ಎಲ್ಲರಿಗೂ ಗೊತ್ತಿರುವ ಸಂಖ್ಯೆಗೆ ಆಕರವೇಕೆ ಎಂದು ಆ ವಿದ್ಯಾರ್ಥಿನಿ ಕೇಳಿದಳು. ಎಣಿಸಿದವರು ಯಾರು, ಯಾವ ದಾಖಲೆಯಿಂದ ಎಣಿಸಿದರು ಎಂಬುದು ತಿಳಿಯದೆ ಆ ಸಂಖ್ಯೆಯ ಮೇಲೆ ವಾದವನ್ನು ಕಟ್ಟಲಾಗದು ಎಂಬುದೇ ಅದಕ್ಕೆ ಉತ್ತರ. ಮೂಲ ವರದಿ ಕೈಗೆ ಸಿಗದಿದ್ದರೆ, ತಾನು ನಿಜವಾಗಿ ಓದಿದ ಲೇಖನವನ್ನೇ ಹೆಸರಿಸಿ, ಮೂಲವು ಅದರಲ್ಲಿ ಉಲ್ಲೇಖಿತವಾಗಿದೆ ಎಂದು ಬರೆಯಬೇಕು. ಓದದ ಪುಸ್ತಕವನ್ನು ಪಟ್ಟಿಗೆ ಸೇರಿಸುವುದು ಅಪ್ರಾಮಾಣಿಕತೆ. ಇದನ್ನು ಯಾವ ತಂತ್ರಾಂಶವೂ ತಡೆಯಲಾರದು. ಆದರೆ ಜೊಟೆರೊದಲ್ಲಿ ಪಿಡಿಎಫ್ ಓದುವಾಗಲೇ ಗುರುತು ಹಾಕಿದ ಸಾಲುಗಳನ್ನು ಪುಟಸಂಖ್ಯೆಯ ಸಹಿತ ಟಿಪ್ಪಣಿಯಾಗಿ ಇಳಿಸಿಕೊಳ್ಳಬಹುದಾದ್ದರಿಂದ, ಓದಿದ್ದು ಯಾವುದು, ಕೇಳಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ಉಳಿಯುತ್ತದೆ.

ನಮ್ಮ ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಲೇಖಕರ ಹೆಸರಿಗೆ ಜೊಟೆರೊ ಎರಡು ಖಾನೆಗಳನ್ನು ಕೊಡುತ್ತದೆ, ಒಂದು ಕುಲನಾಮಕ್ಕೆ, ಇನ್ನೊಂದು ಅಂಕಿತನಾಮಕ್ಕೆ. ಕೊಡವ ಹೆಸರುಗಳಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯನ್ನು ಇಬ್ಬರು ವಿದ್ಯಾರ್ಥಿಗಳು ನಮೂದಿಸಿದಾಗ ಒಬ್ಬರ ಪಟ್ಟಿಯಲ್ಲಿ ಅದು ನಡಿಕೇರಿಯಂಡ ಎಂದು ‘ನ’ಕಾರದಡಿ, ಇನ್ನೊಬ್ಬರಲ್ಲಿ ಚಿಣ್ಣಪ್ಪ ಎಂದು ‘ಚ’ಕಾರದಡಿ ಬಂದಿತ್ತು. ಖಾನೆಯ ಪಕ್ಕದ ಗುಂಡಿಯನ್ನು ಒತ್ತಿ ಎರಡನ್ನೂ ಒಂದೇ ಖಾನೆಯಾಗಿಸಿ, ಹೆಸರನ್ನು ನಮ್ಮಲ್ಲಿ ಬರೆಯುವ ಕ್ರಮದಲ್ಲಿಯೇ ಪೂರ್ತಿಯಾಗಿ ಬರೆಯುವುದು ಉತ್ತಮವೆಂದು ನನ್ನ ಅನುಭವ. ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುವ ಕನ್ನಡ ಲೇಖಕರಿಗೂ ಇದೇ ಕ್ರಮ ಒಪ್ಪುತ್ತದೆ. ಪಟ್ಟೋಲೆ ಪಳಮೆಯ ಇಂಗ್ಲಿಷ್ ಅನುವಾದ 2003ರಲ್ಲಿ ಬಂದಿದೆ. ಅನುವಾದವನ್ನು ಓದಿದವರು ಅನುವಾದಕರನ್ನೂ ಹೆಸರಿಸಿ ಅದನ್ನೇ ನಮೂದಿಸಬೇಕು.

ಮರುಮುದ್ರಣಗಳದ್ದು ಇನ್ನೊಂದು ತೊಡಕು. ರಿಕ್ಟರ್ ಅವರ ಕೊಡಗಿನ ಕೈಪಿಡಿ ಮಂಗಳೂರಿನಲ್ಲಿ ಅಚ್ಚಾದದ್ದು 1870ರಲ್ಲಿ. ಮರುಮುದ್ರಣದ ವರ್ಷವನ್ನಷ್ಟೇ ಹಾಕಿದರೆ ಒಂದೂವರೆ ಶತಮಾನದ ಹಿಂದಿನ ಅಭಿಪ್ರಾಯ ಮೊನ್ನೆಯದೆಂಬಂತೆ ಕಾಣುತ್ತದೆ. ‘ಎಕ್ಸ್‌ಟ್ರಾ’ ಎಂಬ ಖಾನೆಯಲ್ಲಿ, ಇಂಗ್ಲಿಷ್ ಲಿಪಿಯಲ್ಲಿ, ‘ಒರಿಜಿನಲ್ ಡೇಟ್: 1870’ ಎಂದು ಬರೆದರೆ ಎಪಿಎ ಶೈಲಿಯಲ್ಲಿ ಎರಡೂ ವರ್ಷಗಳು ಓರೆಗೆರೆಯೊಂದಿಗೆ ಬರುತ್ತವೆ. ಇದನ್ನು ಕಂಡುಕೊಳ್ಳಲು ನನಗೆ ಒಂದು ಸಂಜೆಯೇ ಹಿಡಿಯಿತು.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಪಿಡಿಎಫ್‌ಗಳಿಂದ ಸಾಲುಗಳನ್ನು ಎತ್ತಿಕೊಂಡರೆ ಟಿಪ್ಪಣಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಆ ಅಕ್ಷರಗಳು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇಲ್ಲದಿರುವುದೇ ಕಾರಣ. ಆ ಭಾಗಗಳನ್ನು ಕೈಯಿಂದ ಬರೆದುಕೊಳ್ಳುವುದೇ ನೆಟ್ಟಗಿನ ದಾರಿ.

ಊರ ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರೊಬ್ಬರು ತಮ್ಮ ಅಜ್ಜನ ಕಾಲದಲ್ಲಿ ಕಾಡಿನ ಅಂಚು ಯಾವ ತೋಡಿನವರೆಗೆ ಇತ್ತೆಂದು ಹೇಳಿದ್ದನ್ನು ಆ ವಿದ್ಯಾರ್ಥಿನಿ ಸಂದರ್ಶನವೆಂದು, ದಿನಾಂಕ ಮತ್ತು ಊರಿನ ಸಹಿತ ಜೊಟೆರೊದಲ್ಲಿ ದಾಖಲಿಸಿದಳು. ಧ್ವನಿಮುದ್ರಣ ಓದುಗರಿಗೆ ಲಭ್ಯವಿಲ್ಲದ ಇಂತಹ ಮಾತನ್ನು ಎಪಿಎ ಶೈಲಿ ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಬರಹದ ನಡುವೆಯೇ ವೈಯಕ್ತಿಕ ಸಂವಹನವೆಂದು ತೋರಿಸಬೇಕು. ಹಿರಿಯರ ಮಾತಿಗೂ ಅಚ್ಚಾದ ಪುಸ್ತಕದಷ್ಟೇ ನಿಖರವಾದ ದಾಖಲೆ ಸಿಕ್ಕಿದ್ದು ನನಗೆ ತುಂಬಾ ಸಂತೋಷ ಕೊಟ್ಟಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮದಂತೆ ಸಂಪ್ರಬಂಧದಲ್ಲಿ ಇತರರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 10ನ್ನು ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಆಕರಸಹಿತವಾದ ಉದ್ಧರಣೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ, ಮೊದಲ ದಿನದಿಂದಲೇ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆಯನ್ನು ಬರೆದಿಟ್ಟುಕೊಂಡವರಿಗೆ ಭಯಪಡಲು ಕಾರಣವಿಲ್ಲ.

ಕಕ್ಕಡ ತಿಂಗಳಿನ, ಅಂದರೆ ಆಟಿಯ, ಮಳೆಯಲ್ಲಿ ನಮ್ಮ ಕಡೆ ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇರುವುದಿಲ್ಲ. ಎಲ್ಲವೂ ನಮ್ಮ ಕಂಪ್ಯೂಟರಿನಲ್ಲಿಯೇ ಇರುವುದರಿಂದ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದಷ್ಟು ಹೊತ್ತು ಜೊಟೆರೊ ಕೆಲಸ ಮಾಡುತ್ತದೆ. ಆನ್‌ಲೈನ್‌ನಲ್ಲಿ ಪಿಡಿಎಫ್‌ನಂತಹವನ್ನು ಇಡಲು ಉಚಿತವಾಗಿ ಸಿಗುವ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ನಾಲ್ಕಾರು ಹಳೆಯ ಪುಸ್ತಕಗಳಿಗೇ ಅದು ತುಂಬಿಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಳ್ಳಲು ಹೇಳುತ್ತೇನೆ. ಮೊಬೈಲ್ ಮಾತ್ರ ಇರುವ ವಿದ್ಯಾರ್ಥಿಗಳಿಗೆ ಇದರ ಪೂರ್ಣ ಪ್ರಯೋಜನ ದೊರೆಯದು. ಅವರು ಅದೇ ಬಳಗದ ಜೊಟೆರೊಬಿಬ್ ಎಂಬ ಜಾಲತಾಣದಲ್ಲಿ, ಖಾತೆಯನ್ನೂ ತೆರೆಯದೆ, ಹತ್ತಿಪ್ಪತ್ತು ಆಕರಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬಹುದು. ಓದಿನ ಟಿಪ್ಪಣಿಗಳಿಗೆ ಒಂದು ನೋಟ್‌ಪುಸ್ತಕವನ್ನು ಜೊತೆಗೆ ಇಟ್ಟುಕೊಂಡರೆ ಸಾಕಾಗುತ್ತದೆ.