ಹಡಿಲು ಬಿದ್ದ ಮೇವಿನ ಗದ್ದೆಗೆ ಯಾವ ಮೆಷಿನ್: ಚಕ್ರದ್ದೋ, ಬೆನ್ನಿನದ್ದೋ, ಹೆಗಲಿನದ್ದೋ?

ಒಂದೆರಡು ಮಳೆಗಾಲ ಹಡಿಲು (ಬೇಸಾಯವಿಲ್ಲದೆ ಪಾಳು) ಬಿದ್ದು ಸೊಂಟದೆತ್ತರ ಹುಲ್ಲೆದ್ದ, 50 ಸೆಂಟ್ಸಿನೊಳಗಿನ ಜಾಗಕ್ಕೆ ಹೆಗಲಿಗೆ ನೇತುಹಾಕುವ, ಕೋಲಿನ ತುದಿಯಲ್ಲಿ ಬ್ಲೇಡ್ ತಿರುಗುವ ಫೋರ್ ಸ್ಟ್ರೋಕ್ ಬ್ರಷ್ ಕಟ್ಟರೇ ಸೈ. ಚಕ್ರದ ಲಾನ್ ಮೂವರ್, ಬೆನ್ನಿಗೆ ಹೊರುವ ಕಟ್ಟರ್ ಎರಡನ್ನೂ ಅಂಥದೇ ಗದ್ದೆಯಲ್ಲಿ ಓಡಿಸಿದ ಮೇಲಿನ ಮಾತಿದು.

ಲಾನ್ ಮೂವರ್ ಮನೆಯಂಗಳದ ಸಾಮಾನು. ಗದ್ದೆಗಿಳಿಸಿದರೆ ಹಸಿ ಹುಲ್ಲು ಬ್ಲೇಡ್ ಮುಚ್ಚುವ ಡೆಕ್ಕಿನೊಳಗೆ ಮೆತ್ತಿಕೊಂಡು ಇಂಜಿನ್ ಕಟ್ಟಿ ನಿಲ್ಲುತ್ತದೆ. ಹುಲ್ಲಿನಡಿಯ ಮುರಕಲ್ಲಿಗೆ ಬ್ಲೇಡ್ ಬಡಿದರೆ ಇಂಜಿನ್ನಿನ ಫ್ಲೈವೀಲನ್ನು ಹಿಡಿದಿಡುವ ಕೀ ತುಂಡಾಗಿ ಪ್ಲಗ್ಗಿನ ಕಿಡಿಯ ಟೈಮಿಂಗ್ ತಪ್ಪುತ್ತದೆ, ಮತ್ತೆ ಹಗ್ಗ ಎಷ್ಟೆಳೆದರೂ ಸ್ಟಾರ್ಟ್ ಆಗದು. ಜೋರಾಗಿ ಬಡಿದರೆ ಕ್ರ್ಯಾಂಕ್ ಶಾಫ್ಟೇ ಬಾಗೀತು. ಹುಣಿ (ಗದ್ದೆಯ ಬದು) ದಾಟಿಸಲು ಇನ್ನೊಬ್ಬರು ಬೇಕು ಬೇರೆ.

ಬೆನ್ನಿನದ್ದು ಇಳಿಜಾರಿನ ಅಡಿಕೆ ತೋಟಕ್ಕೆ ಚಂದ. ಬಯಲು ಗದ್ದೆಯಲ್ಲಿ ಮಾತ್ರ ಕೋಲಿನ ಭಾರವೆಲ್ಲ ತೋಳಿಗೆ ಬೀಳುತ್ತದೆ. ಒಳಗಿನ ಬಳುಕುವ ಶಾಫ್ಟಿಗೆ ಗ್ರೀಸ್ ತಪ್ಪಿದರೆ, ಅಥವಾ ಪೈಪನ್ನು ಚೂಪಾಗಿ ಬಗ್ಗಿಸಿ ಓಡಿಸಿದರೆ ಬಿಸಿಯಾಗಿ ತುಂಡಾಗುತ್ತದೆ. ಹೆಗಲಿನದ್ದಕ್ಕೆ ಎರಡೂ ಹೆಗಲಿನ ಬೆಲ್ಟ್, ಬೈಕಿನಂಥ ಹ್ಯಾಂಡಲ್ ಇದ್ದರೆ ಸೊಂಟ ತಿರುಗಿಸಿಯೇ ಬೀಸಬಹುದು.

ಬ್ಲೇಡಿನ ಬದಲು ಹಾಕುವ ನೈಲಾನ್ ದಾರ ಮೇವಿನ ಜಾಗಕ್ಕೆ ಬೇಡವೇ ಬೇಡ. ಹುಲ್ಲನ್ನು ನುಚ್ಚು ಮಾಡಿ ಕೆಸರು ಹಚ್ಚುತ್ತದೆ, ದನ ಮೂಸಿಯೂ ನೋಡುವುದಿಲ್ಲ. ಸವೆದ ದಾರದ ಚೂರುಗಳು ಮೇವಿನೊಟ್ಟಿಗೆ ಹೊಟ್ಟೆಗೂ ಹೋಗುತ್ತವೆ. 3 ಹಲ್ಲಿನ ಕಬ್ಬಿಣದ ಬ್ಲೇಡಾದರೆ ಕೊಯ್ದ ಹುಲ್ಲು ಎಡಕ್ಕೆ ಸಾಲಾಗಿ ಬೀಳುತ್ತದೆ, ಬಾಚಿ ಕಟ್ಟು ಕಟ್ಟಿದರಾಯಿತು.

ಹೆಗಲಿನದ್ದರ ದೊಡ್ಡ ಕಿರಿಕಿರಿ ಒಂದೇ: ಸುತ್ತಿಕೊಳ್ಳುವುದು. ಮುಳಿಹುಲ್ಲಿನಂಥ ಉದ್ದ ಎಳೆ, ಬಳ್ಳಿ ಎಲ್ಲ ಕೋಲಿನ ತುದಿಯ ಗೇರ್ ಬಾಕ್ಸಿಗೂ ಬ್ಲೇಡಿಗೂ ನಡುವಿನ ಸಂದಿಗೆ ಹೊಕ್ಕು ಹಗ್ಗದಂತೆ ಬಿಗಿಯುತ್ತವೆ. ಲೆಕ್ಕಿಸದೆ ಓಡಿಸಿದರೆ ಉಜ್ಜಿ ಉಜ್ಜಿ ಗೇರ್ ಬಾಕ್ಸ್ ಕಾಯುತ್ತದೆ, ಗ್ರೀಸ್ ಕರಗಿ ಸೀಲಿನಿಂದ ಹೊರಬರುತ್ತದೆ, ಬಳಿಕ ಬೇರಿಂಗ್ ಕೂಗಲು ಶುರು.

ಸುತ್ತುವುದು ಹೆಚ್ಚಾಗಿ ಕಡಿಮೆ ರೇಸಿನಲ್ಲಿ. ವೇಗ ಸಾಲದಿದ್ದರೆ ಬ್ಲೇಡ್ ಕೊಯ್ಯುವುದಿಲ್ಲ, ಎಳೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ರೇಸ್ ಕೊಟ್ಟೇ ಹುಲ್ಲಿಗೆ ತಾಗಿಸಿ. ಬುಡಕ್ಕೆ ನೇರ ಕೈಹಾಕಬೇಡಿ: ಮೊದಲು ಮೇಲಿನ ಅರ್ಧ, ಆಮೇಲೆ ಬುಡ. ಬೀಸುವುದು ಬಲದಿಂದ ಎಡಕ್ಕೆ, ಬ್ಲೇಡಿನ ಎಡ ಮಗ್ಗುಲಿನಲ್ಲಿ. ಮುಂದಿನ ಬಲ ಅಂಚು ಕಲ್ಲಿಗೋ ಕುಟ್ಟೆಗೋ ತಾಗಿದರೆ ಮೆಷಿನ್ ಒದೆಯುತ್ತದೆ. ಮೊಂಡಾದ ಬ್ಲೇಡೂ ಸುತ್ತಿಸಿಕೊಳ್ಳುತ್ತದೆ. ಮೂರು ಹಲ್ಲನ್ನೂ ಸಮನಾಗಿ ಅರದಿಂದ ಉಜ್ಜಬೇಕು, ಒಂದು ಹೆಚ್ಚು ಸವೆದರೂ ಕೈ ಜುಮುಗುಟ್ಟುತ್ತದೆ.

ಸುತ್ತಿದ್ದನ್ನು ತೆಗೆಯಲು ಇಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತು, ಚಾಕುವಿನಿಂದ ಅಡ್ಡ ಕೊಯ್ಯಿರಿ. ಬಾರದಿದ್ದರೆ ಗೇರ್ ಬಾಕ್ಸಿನ ತೂತಿಗೆ ಅಲೆನ್ ಕೀ ತೂರಿಸಿ, ಶಾಫ್ಟ್ ಲಾಕ್ ಮಾಡಿ ಬ್ಲೇಡ್ ಬಿಚ್ಚಬೇಕು. ಅದರ ನಟ್ ಉಲ್ಟಾ ಥ್ರೆಡ್ಡಿನದ್ದು: ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಗೊತ್ತಿಲ್ಲದೆ ಮಾಮೂಲಿ ದಿಕ್ಕಿಗೆ ಜಗ್ಗಿದರೆ ಇನ್ನಷ್ಟು ಬಿಗಿದು ಥ್ರೆಡ್ಡೇ ಹಾಳು. ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಗೇರ್ ಬಾಕ್ಸಿಗೆ ಲಿಥಿಯಂ ಗ್ರೀಸ್ ತುಂಬಿ.

ಕಮ್ಯುನಿಸ್ಟ್ ಗಿಡ (ಪೊದೆಯಾಗಿ ಹಬ್ಬುವ ಕಳೆ) ಹೆಬ್ಬೆರಳಿಗಿಂತ ದಪ್ಪವಾಗಿದ್ದರೆ ಗರಗಸದ ಹಲ್ಲಿನ ದುಂಡು ಬ್ಲೇಡ್ ಬೇಕು. ಅದನ್ನು ಹೂ ಬಿಡುವ ಮುಂಚೆಯೇ ಕಡಿಯಿರಿ, ಬೀಜ ಗಾಳಿಯಲ್ಲಿ ಹಾರಿದರೆ ಮುಂದಿನ ವರ್ಷ ಅದೇ ಪಾಡು. ಹುಲ್ಲಿನ ಬುಡ 3–4 ಇಂಚು ಉಳಿಯಲಿ, ಚಿಗುರುವುದು ಅಲ್ಲಿಂದಲೇ. ಕಲ್ಲು ಸಿಡಿಯುತ್ತದೆ, 50 ಅಡಿಯೊಳಗೆ ಜನ ದನ ಯಾರೂ ಬೇಡ.

ಟೂ ಸ್ಟ್ರೋಕ್ ಹಗುರ, ಬೆಲೆಯೂ ಕಡಿಮೆ. ಆದರೆ ಆಯಿಲ್ ಬೆರೆಸುವ ಲೆಕ್ಕ ಕಂಪನಿಗೊಂದು: 25:1 ಆದರೆ ಲೀಟರಿಗೆ 40 ಮಿ.ಲೀ., 50:1 ಆದರೆ 20. ಕೆಲಸದಾಳಿನ ಕೈಗೆ ಕೊಡುವವರಿಗೆ ಈ ತಲೆಬಿಸಿ ಬೇಡ. 35 ಸಿಸಿಯ ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್ ಸಾಕು, ಆಯಿಲ್ ಬೇರೆ, ಅದೂ 100 ಮಿ.ಲೀ. ಆಸುಪಾಸು. ಯಾವುದೇ ಇರಲಿ, ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿಸಬೇಡಿ: ಈಗಿನ ಪೆಟ್ರೋಲಿನ ಎಥನಾಲ್ ನಮ್ಮ ಕರಾವಳಿಯ ತೇವ ಹೀರಿಕೊಂಡು ಕಾರ್ಬೊರೇಟರ್ ಕಟ್ಟಿಸುತ್ತದೆ.

ಬಜೆಟ್ ಬಿಗಿಯಿದ್ದರೆ ಅಂಗಡಿಗೆ ಹೋಗುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ವಿಚಾರಿಸಿ. ಮಿಕ್ಕ ದುಡ್ಡಲ್ಲಿ ಮುಖಕ್ಕೆ ಜಾಲರಿ, ಕಾಲಿಗೆ ಗಂಬೂಟು, ಎರಡು ಹೆಚ್ಚುವರಿ ಬ್ಲೇಡ್.